ನೆರೆಯ ನೆನಪು ಮತ್ತು ನೇತ್ರಚಲನ ಚಿಕಿತ್ಸೆ



2019ರ ಆಗಸ್ಟ್ ತಿಂಗಳಲ್ಲಿ ವೇದಗಂಗೆಯು ಉಕ್ಕೇರಿ ಯಮಗರ್ಣಿಯ ಬಳಿ ಹೆದ್ದಾರಿಯನ್ನೇ ಮುಳುಗಿಸಿದುದನ್ನೂ, ದೂಧಗಂಗೆಯು ಸದಲಗಾದ ಹೊಲಗಳಿಗೆ, ಕೃಷ್ಣೆಯು ಯಡೂರು, ಮಾಂಜರಿ, ಇಂಗಳಿ, ಜುಗೂಳಗಳ ಮನೆಗಳಿಗೆ ನುಗ್ಗಿದುದನ್ನೂ ನಿಪ್ಪಾಣಿಯ ಈ ಸಭೆಯಲ್ಲಿ ಕುಳಿತ ಬಹುಮಂದಿ ಕಣ್ಣಾರೆ ಕಂಡವರು. ಎರಡು ವರ್ಷ ತುಂಬುವ ಮೊದಲೇ, 2021ರ ಜುಲೈನಲ್ಲಿ, ಅದೇ ನೀರು ಮತ್ತೆ ಬಂದುದನ್ನೂ ಬಲ್ಲವರು. ಬಿದ್ದ ಗೋಡೆಗೆ ಪಂಚನಾಮೆಯಾಯಿತು, ಕೊಳೆತ ಕಬ್ಬಿಗೆ ಸರ್ವೆಯಾಯಿತು. ಆದರೆ ಕತ್ತಲೆಯಲ್ಲಿ, ಸೊಂಟಮಟ್ಟದ ನೀರಿನಲ್ಲಿ, ಮಗುವನ್ನು ಹೆಗಲೇರಿಸಿಕೊಂಡು ನಡೆದ ತಾಯಿಯೊಬ್ಬಳು ಇಂದಿಗೂ ಆಷಾಢದ ಜಡಿಮಳೆಯ ಸದ್ದಿಗೆ ಎದೆ ನಡುಗಿ ಎದ್ದು ಕೂರುವಳಾದರೆ, ಆ ನಷ್ಟವನ್ನು ಯಾವ ಪಂಚನಾಮೆಯಲ್ಲಿ ಬರೆಯಬೇಕು? ಅಂಜಿಕೆ ಹೊಕ್ಕಿದೆ ಎಂದು ಮನೆಯವರು ತಾಯತ ಕಟ್ಟಿಸುತ್ತಾರೆ. ಅವರ ಕಳಕಳಿಯನ್ನು ನಾನು ಹಳಿಯಲಾರೆ. ಆದರೆ ಈ ಅಂಜಿಕೆಗೆ ಪರೀಕ್ಷಿತವಾದ ಚಿಕಿತ್ಸೆಗಳಿವೆ, ಅವುಗಳಲ್ಲೊಂದು ಕಣ್ಣಿನ ಚಲನೆಯನ್ನು ಆಶ್ರಯಿಸಿದ್ದು ಎಂಬುದನ್ನು ತಿಳಿಸಲು ಇಂದು ನಿಂತಿದ್ದೇನೆ.

ಮನುಷ್ಯನ ಸ್ಮೃತಿಯು ಸಾಮಾನ್ಯವಾಗಿ ಕಾಲಕ್ರಮದಲ್ಲಿ ತನ್ನ ತೀಕ್ಷ್ಣತೆಯನ್ನು ನೀಗಿಕೊಂಡು, ಆದದ್ದು ಆಗಿಹೋಯಿತೆಂಬ ಅರಿವಿನೊಡನೆ ಜೀವನವೃತ್ತಾಂತದಲ್ಲಿ ಸೇರಿಹೋಗುವುದು. ಪ್ರಾಣಭಯದ ಕ್ಷಣದಲ್ಲಿ ಅಚ್ಚೊತ್ತಿದ ನೆನಪು ಕೆಲವರಲ್ಲಿ ಹಾಗೆ ಸೇರದೆ, ದೃಶ್ಯ, ಶಬ್ದ, ವಾಸನೆ, ಮೈನಡುಕಗಳ ಚೂರುಗಳಾಗಿ ಉಳಿದು, ಸಣ್ಣದೊಂದು ನೆಪ ದೊರೆತೊಡನೆ ಈ ಕ್ಷಣದ ಅನುಭವವೇ ಆಗಿ ಮರಳುತ್ತದೆ. ಅಮೆರಿಕದ ಮನೋವೈದ್ಯರ ಸಂಘವು ಈ ವ್ಯಾಧಿಯನ್ನು ತನ್ನ ಅಧಿಕೃತ ಪಟ್ಟಿಗೆ ಸೇರಿಸಿದುದು 1980ರಷ್ಟು ಈಚೆಗೆ. ಮರುವರ್ಷದ ಏಪ್ರಿಲ್‌ನಲ್ಲಿ ಇದೇ ನಿಪ್ಪಾಣಿಯ ಹೆದ್ದಾರಿಯಲ್ಲಿ ಧರಣಿ ಕುಳಿತ ತಂಬಾಕು ಬೆಳೆಗಾರರ ಮೇಲೆ ಗುಂಡು ಹಾರಿ ಪ್ರಾಣಗಳು ಹೋದವು. ಅಂಥ ದಿನವನ್ನು ಕಂಡವರಿಗೆ ದಶಕಗಳ ಅನಂತರವೂ ಅದು ನಿನ್ನೆಯದಾಗಿ ತೋರಿದರೆ, ಅದನ್ನು ಮನೋದೌರ್ಬಲ್ಯವೆನ್ನುವುದು ಅನ್ಯಾಯ.

ಫ್ರಾನ್ಸಿನ್ ಶಪಿರೊ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆಯು 1987ರಲ್ಲಿ ಉದ್ಯಾನವೊಂದರಲ್ಲಿ ನಡೆಯುತ್ತಿರುವಾಗ, ತನ್ನನ್ನು ಪೀಡಿಸುತ್ತಿದ್ದ ಆಲೋಚನೆಗಳು ಕಣ್ಣುಗಳು ಅತ್ತಿತ್ತ ವೇಗವಾಗಿ ಹೊರಳಿದೊಡನೆ ತಮ್ಮ ಕಾವನ್ನು ಕಳೆದುಕೊಂಡುದನ್ನು ಗಮನಿಸಿದಳು. ಯುದ್ಧದಿಂದ ಮರಳಿದವರೂ ಅತ್ಯಾಚಾರಕ್ಕೆ ಗುರಿಯಾದವರೂ ಸೇರಿದಂತೆ 22 ಮಂದಿಯ ಮೇಲೆ ನಡೆಸಿದ ಅಧ್ಯಯನವನ್ನು ಆಕೆ 1989ರಲ್ಲಿ ಪ್ರಕಟಿಸಿದಳು. ಇಎಂಡಿಆರ್ ಎಂಬ ಹೆಸರಿನಿಂದ ಈಗ ಪ್ರಸಿದ್ಧವಾಗಿರುವ ಈ ಕ್ರಮಕ್ಕೆ ಎಂಟು ಹಂತಗಳುಂಟು. ಕಣ್ಣಾಡಿಸುವುದು ಅವುಗಳಲ್ಲಿ ನಡುವಣದು ಮಾತ್ರ. ಮೊದಲು ಚಿಕಿತ್ಸಕನು ರೋಗಿಯ ಪೂರ್ವವೃತ್ತಾಂತವನ್ನು ಅರಿತು, ಕಳವಳವುಂಟಾದರೆ ಮನಸ್ಸನ್ನು ನೆಲೆಗೆ ತರುವ ಉಪಾಯಗಳನ್ನು ಕಲಿಸುತ್ತಾನೆ. ಅನಂತರ, ಆ ನೆನಪಿನ ಅತ್ಯಂತ ಕ್ಲೇಶಕರವಾದ ಚಿತ್ರವಾವುದು, ಅದರೊಡನೆ ತನ್ನ ಬಗ್ಗೆ ಮೂಡುವ ನಂಬಿಕೆ ಯಾವುದು, ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಸಂಕಟವೆಷ್ಟು ಎಂದು ಕೇಳಿ, ಆ ಚಿತ್ರವನ್ನು ಮನಸ್ಸಿನಲ್ಲಿ ಹಿಡಿದಿರುವಂತೆಯೇ ತನ್ನ ಬೆರಳಿನ ಚಲನೆಯನ್ನು ಕಣ್ಣುಗಳಿಂದ ಅನುಸರಿಸುವಂತೆ ಹೇಳುತ್ತಾನೆ. ಸುಮಾರು ಅರ್ಧ ನಿಮಿಷದ ಮೇಲೆ ನಿಲ್ಲಿಸಿ, ಏನು ಹೊಳೆಯಿತೆಂದು ಕೇಳಿ, ಪುನಃ ಆರಂಭಿಸುತ್ತಾನೆ. ತಪ್ಪು ನನ್ನದೇ ಎಂದು ಹಲುಬುತ್ತಿದ್ದವಳು, ಆಗ ಮಾಡಬಹುದಾದುದನ್ನು ನಾನು ಮಾಡಿದೆ ಎಂದು ಮನಸಾರೆ ನಂಬುವಂತಾದಾಗ ಆ ನಂಬಿಕೆಯನ್ನು ದೃಢಗೊಳಿಸಲಾಗುತ್ತದೆ. ನಡೆದುದನ್ನೆಲ್ಲ ಪರರೆದುರು ಸವಿಸ್ತಾರವಾಗಿ ಬಣ್ಣಿಸಬೇಕಾಗಿಲ್ಲವೆಂಬುದು, ಮಾತಿಗೆ ಮರ್ಯಾದೆಯ ಬೇಲಿ ಹಾಕಿಕೊಂಡು ಬದುಕುವ ನಮ್ಮ ಹೆಣ್ಣುಮಕ್ಕಳಿಗೆ ಎಷ್ಟು ದೊಡ್ಡ ಉಪಕಾರವೆಂಬುದನ್ನು ನೀವೇ ಊಹಿಸಬಲ್ಲಿರಿ.

ಇದರಿಂದ ಗುಣವಾಗುವುದೆಂಬುದನ್ನು ಒಪ್ಪಿ ವಿಶ್ವ ಆರೋಗ್ಯ ಸಂಸ್ಥೆಯು 2013ರಲ್ಲಿ ಈ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಹೇಗೆ ಗುಣವಾಗುವುದೆಂಬ ಬಗ್ಗೆ ಮಾತ್ರ ವಿದ್ವಾಂಸರಲ್ಲಿ ವಿವಾದವಿದೆ. ಮನಸ್ಸಿನ ತತ್ಕಾಲದ ಧಾರಣಶಕ್ತಿಯು ಪರಿಮಿತವಾದುದರಿಂದ, ನೆನಪನ್ನು ಹಿಡಿದಿರುವಾಗಲೇ ಮತ್ತೊಂದು ಕೆಲಸವೂ ಬಂದರೆ ನೆನಪು ಮಂಕಾಗುವುದೆಂದು ಕೆಲವರು ಹೇಳುತ್ತಾರೆ. ಕಣ್ಣಿಗೆ ಬದಲಾಗಿ ಲೆಕ್ಕ ಮಾಡಿಸಿದರೂ ಇಂಥದೇ ಪರಿಣಾಮ ಕಂಡುಬಂದಿರುವುದು ಅವರ ವಾದಕ್ಕೆ ಪೋಷಕ. ಬೆರಳಿನಲ್ಲಿ ಮಂತ್ರಶಕ್ತಿಯಿಲ್ಲ, ಬೆರಳಾಡಿಸುವವನ ಶಿಕ್ಷಣದಲ್ಲಿ, ಆತನ ಸಮ್ಮುಖದಲ್ಲಿ ದೊರೆಯುವ ಅಭಯದಲ್ಲಿ ಶಕ್ತಿಯಿದೆಯೆಂದೇ ನನ್ನ ಅಭಿಪ್ರಾಯ. ಆದುದರಿಂದಲೇ ಮನೆಯಲ್ಲಿ ಕುಳಿತು ಇದನ್ನು ಪ್ರಯೋಗಿಸಬಾರದು.

ನಮಗೆ ವಿಶೇಷವಾಗಿ ಪ್ರಸ್ತುತವಾದ ಸಂಗತಿ ಮೆಕ್ಸಿಕೋದ ಅಕಾಪುಲ್ಕೊ ನಗರದ್ದು. 1997ರ ಚಂಡಮಾರುತವು ಅದನ್ನು ಧ್ವಂಸಗೊಳಿಸಿದ ಮೇಲೆ, ಒಬ್ಬೊಬ್ಬರಿಗೂ ಒಬ್ಬೊಬ್ಬ ಚಿಕಿತ್ಸಕನನ್ನು ಒದಗಿಸಲಾಗದೆ, ಮಕ್ಕಳನ್ನು ಗುಂಪಾಗಿ ಕೂರಿಸಿ, ಕಂಡುದನ್ನು ಚಿತ್ರ ಬರೆಯಿಸಿ, ಕಣ್ಣಾಡಿಸುವುದಕ್ಕೆ ಬದಲಾಗಿ ಕೈಗಳನ್ನು ಎದೆಯ ಮೇಲೆ ಕತ್ತರಿಯಾಕಾರದಲ್ಲಿರಿಸಿ ಎಡಬಲಗಳನ್ನು ಪರ್ಯಾಯವಾಗಿ ಮೆಲ್ಲನೆ ತಟ್ಟಿಕೊಳ್ಳುವಂತೆ ಕಲಿಸಿದರು. ನೆರೆಯ ವರ್ಷಗಳಲ್ಲಿ ಶಾಲೆಯ ಕೋಣೆಗಳೇ ಕಾಳಜಿ ಕೇಂದ್ರಗಳಾಗುವ ನಮ್ಮ ಚಿಕ್ಕೋಡಿ, ಕಾಗವಾಡ, ಅಥಣಿ, ರಾಯಬಾಗ ತಾಲೂಕುಗಳಲ್ಲಿ, ಅಕ್ಕಿಬೇಳೆಯ ಜೊತೆಗೆ ಇಂಥ ಶಿಕ್ಷಣ ಪಡೆದವರೂ ಬರಬೇಕೆಂದು ಕೇಳುವುದು ಅತಿಯಾಸೆಯಲ್ಲ. 1981ರ ಫೆಬ್ರುವರಿಯಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ಮಕ್ಕಳು ಮಡಿದಾಗ, ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್‌ನವರು ಶೋಕತಪ್ತ ಕುಟುಂಬಗಳನ್ನು ಕಂಡು ಅಧ್ಯಯನ ಮಾಡಿದ್ದರು. ಪರಂಪರೆ ನಮ್ಮ ನಾಡಿನಲ್ಲಿಯೇ ಇದೆ. ನಮಗೆ ಸಮೀಪದ ಧಾರವಾಡದಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯೇ ಬೆಳೆದು ಡಿಮ್ಹಾನ್ಸ್ ಆಗಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಿಬ್ಬಂದಿಗೆ ಈ ವಿದ್ಯೆಯನ್ನು ಕಲಿಸುವ ಹೊಣೆಯನ್ನು ಸರ್ಕಾರವು ಹೊರಬೇಕು. ನಾವು ಅದನ್ನು ಬರೆದು ಕೇಳಬೇಕು.

ಅಲ್ಲಿಯವರೆಗೆ, ನಿದ್ರೆಗೆಟ್ಟವರಿಗೆ ಔಷಧದ ಅಂಗಡಿಯಿಂದ ನಿದ್ರೆಗುಳಿಗೆ ತಂದುಕೊಟ್ಟು ಸುಮ್ಮನಾಗಬೇಡಿರಿ. 2022ರ ಅಕ್ಟೋಬರಿನಿಂದ ಟೆಲಿ-ಮಾನಸ್ ಎಂಬ ಮಾನಸಿಕ ನೆರವಿನ ದೂರವಾಣಿ ಸೇವೆಯು ಹಗಲಿರುಳು ಉಚಿತವಾಗಿ ನಡೆಯುತ್ತಿದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಹೊಳೆದಂಡೆಯ ಊರುಗಳಿಂದ ಬಂದವರು ಈ ಸಂಖ್ಯೆಯನ್ನು ಬರೆದುಕೊಂಡು ಹೋಗಬೇಕೆಂದು ನನ್ನ ಪ್ರಾರ್ಥನೆ.