ಹೊರನಾಡ ಸಂಘಗಳ ಹೊಣೆ

ದುಬೈ, ಮಸ್ಕತ್, ಮುಂಬಯಿಗಳಿಂದ ರಜೆ ಹೊಂದಿಸಿಕೊಂಡು ಬಂದಿರುವ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಬಂಧುಗಳೇ,

ನಮ್ಮ ಮುಂದಿರುವ ವಿಷಯ ಹೊರನಾಡ ಸಂಘಗಳ ನಾಯಕತ್ವ. ನೇರವಾಗಿ ಅದಕ್ಕೇ ಬರುತ್ತೇನೆ.

ಹೊರಗಿನವರೊಡನೆ ವ್ಯವಹರಿಸುವುದು ಈ ಕರಾವಳಿಗೆ ಹೊಸತಲ್ಲ. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಪ್ರವಾಸಿ ಇಬ್ನ್ ಬತೂತಾ, ಇಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವೆಂದು ಬರೆದಿಟ್ಟ. ವಿಜಯನಗರಕ್ಕೆ ಕುದುರೆಗಳು ಭಟ್ಕಳದ ಬಂದರಿನಲ್ಲಿ ಇಳಿಯುತ್ತಿದ್ದವು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಕಾಳುಮೆಣಸಿನ ಬಲದ ಮೇಲೆ ಪೋರ್ಚುಗೀಸರಿಗೆ ಎದುರು ನಿಂತಳು. 1623ರಲ್ಲಿ ಪೋರ್ಚುಗೀಸ್ ರಾಯಭಾರಿ ಇಕ್ಕೇರಿಯ ಅರಸ ವೆಂಕಟಪ್ಪ ನಾಯಕನನ್ನು ಕಾಣಲು ಹೊರಟಾಗ ಹೊನ್ನಾವರದಿಂದಲೇ ಘಟ್ಟ ಹತ್ತಿದ. ಜೊತೆಗಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಆ ಪಯಣವನ್ನು ಬರೆದಿಟ್ಟ. ಅಂದು ರಾಜತಂತ್ರ ಅರಸರ ಕೈಯಲ್ಲಿತ್ತು. ಇಂದು ಅದರ ಒಂದು ಪಾಲು ನಿಮ್ಮ ಸಂಘಗಳ ಹೆಗಲಿಗೆ ಬಂದಿದೆ.

ಹೊರನಾಡ ಸಂಘಗಳು ಏನು ಮಾಡಬಲ್ಲವು ಎಂಬುದಕ್ಕೆ ಉಕ್ರೇನಿಯನ್ನರನ್ನು ನೋಡಿ. 1891ರಿಂದ ಕೆನಡಾಕ್ಕೆ ವಲಸೆ ಹೋದ ರೈತರು ಅಲ್ಲೂ ತಮ್ಮ ಚರ್ಚು, ಹಾಡು, ಕುಣಿತ, ಭಾಷಾ ಶಾಲೆಗಳನ್ನು ಕಟ್ಟಿಕೊಂಡರು. ಹಲವು ದೇಶಗಳ ಇಂಥ ಸಂಘಗಳು ಸೇರಿ 1967ರಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವ ಒಕ್ಕೂಟ ಸ್ಥಾಪಿಸಿದವು. 1991ರಲ್ಲಿ ಉಕ್ರೇನ್ ಸ್ವತಂತ್ರವಾದಾಗ ಪಾಶ್ಚಾತ್ಯ ದೇಶಗಳ ಪೈಕಿ ಮೊದಲು ಮಾನ್ಯತೆ ಕೊಟ್ಟದ್ದು ಕೆನಡಾ. ಅದರ ಹಿಂದೆ ಈ ಸಂಘಗಳ ದಶಕಗಳ ಒತ್ತಾಯವಿತ್ತು. ಸಂಸ್ಕೃತಿ ಉಳಿಸಿಕೊಂಡವರ ಮಾತಿಗೆ ಸರ್ಕಾರವೂ ಕಿವಿಗೊಟ್ಟಿತು.

ನಮ್ಮಲ್ಲೂ ಮಾದರಿಗಳಿವೆ. ಕುಮಟಾದ ಕಾಲೇಜು ಯಾರ ಹೆಸರು ಹೊತ್ತಿದೆಯೋ ಆ ಡಾ. ಎ. ವಿ. ಬಾಳಿಗಾ ಮುಂಬಯಿಯ ಹೆಸರಾಂತ ಶಸ್ತ್ರವೈದ್ಯರು, ಭಾರತ–ಸೋವಿಯತ್ ಸಾಂಸ್ಕೃತಿಕ ಸಂಘದ ಅಧ್ಯಕ್ಷರೂ ಆಗಿದ್ದವರು. ದೇಶದೇಶಗಳ ನಡುವೆ ಸ್ನೇಹ ಬೆಸೆಯುವ ಕೆಲಸದಲ್ಲಿದ್ದವರ ಹೆಸರನ್ನು ನಮ್ಮ ಹಳ್ಳಿಯ ಮಕ್ಕಳು ಇಂದು ತಮ್ಮ ಅಂಕಪಟ್ಟಿಯಲ್ಲಿ ಓದುತ್ತಾರೆ. ಭಟ್ಕಳದಲ್ಲಿ 1919ರಲ್ಲಿ ಹುಟ್ಟಿದ ಅಂಜುಮನ್ ಸಂಸ್ಥೆ, ಊರು ಬಿಟ್ಟು ದುಡಿದ ನವಾಯತ ಮುಸ್ಲಿಮರ ನೆರವಿನಿಂದ ಶಾಲೆ, ಎಂಜಿನಿಯರಿಂಗ್ ಕಾಲೇಜುಗಳಾಗಿ ಬೆಳೆಯಿತು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳ ನಾಲ್ಕನೆಯ ತಲೆಮಾರಿಗೆ ದಾಟಿದೆ, ಕಡಲಾಚೆಯ ರಂಗಗಳಲ್ಲೂ ಗೆಜ್ಜೆ ಕಟ್ಟಿದೆ. ಸ್ಥಾಪಿಸಿದವರು ಹೋದರೂ ಈ ಮೂರೂ ಸಂಸ್ಥೆಗಳು ನಿಲ್ಲಲಿಲ್ಲ. ನಾಯಕತ್ವದ ಪರೀಕ್ಷೆ ಇದೇ.

ಯಕ್ಷಗಾನದಲ್ಲಿ ಹಾಡುವ ಭಾಗವತರು ಬಣ್ಣ ಹಚ್ಚುವುದಿಲ್ಲ, ಕಿರೀಟ ಕಟ್ಟುವುದಿಲ್ಲ. ಆದರೂ ಇಡೀ ಆಟ ಅವರ ತಾಳದಲ್ಲಿರುತ್ತದೆ. ಸಂಘದ ಅಧ್ಯಕ್ಷರಿಗೆ ಅದೇ ಜಾಗ ಸಾಕು. ಆದರೆ ನಮ್ಮ ಹಲವು ಸಂಘಗಳಲ್ಲಿ ಹಾರ–ಶಾಲುಗಳಿಗೇ ಅರ್ಧ ದಿನ ಹೋಗುತ್ತದೆ. ಒಬ್ಬರೇ ವರ್ಷಗಟ್ಟಲೆ ಕುರ್ಚಿ ಬಿಡುವುದಿಲ್ಲ. ಹವ್ಯಕರಿಗೊಂದು, ನವಾಯತರಿಗೊಂದು, ಕೊಂಕಣಿಗರಿಗೊಂದು, ನಾಮಧಾರಿಗಳಿಗೊಂದು ಸಂಘವಿರಲಿ, ತಪ್ಪೇನಿಲ್ಲ. ಪರದೇಶದಲ್ಲಿ ಪಾಸ್‌ಪೋರ್ಟು ಕಳೆದುಕೊಂಡ ಹುಡುಗ ಯಾವ ಜಾತಿಯವನೆಂದು ವಿಚಾರಿಸಿ ಸಹಾಯ ಮಾಡುವುದು ಮಾತ್ರ ತಪ್ಪು.

2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ನವೀನ್ ಉಕ್ರೇನಿನ ಹಾರ್ಕಿವ್‌ನಲ್ಲಿ ಯುದ್ಧದ ದಾಳಿಗೆ ಬಲಿಯಾದ. ಪಾರ್ಥಿವ ಶರೀರ ಬೆಂಗಳೂರು ಮುಟ್ಟಲು ಸುಮಾರು ಮೂರು ವಾರ ಹಿಡಿಯಿತು. ಅಂಥ ದಿನಗಳಲ್ಲಿ ರಾಯಭಾರ ಕಚೇರಿಗೆ ಯಾರು ಫೋನು ಮಾಡಬೇಕು, ಮನೆಯವರಿಗೆ ಯಾರು ಸುದ್ದಿ ಮುಟ್ಟಿಸಬೇಕು ಎಂಬುದು ಮೊದಲೇ ನಿಶ್ಚಯವಾಗಿರಬೇಕು.

ಆದ್ದರಿಂದ ಮೂರು ನಿರ್ಣಯಗಳನ್ನು ಸಭೆಯ ಮುಂದಿಡುತ್ತೇನೆ. ಯಾವ ಪದಾಧಿಕಾರಿಯೂ ಎರಡು ಅವಧಿಗಿಂತ ಹೆಚ್ಚು ಮುಂದುವರಿಯಬಾರದು. ವರ್ಷದ ಲೆಕ್ಕಪತ್ರವನ್ನು ಊರಿನಲ್ಲೂ ಸಭೆ ಕರೆದು ಓದಬೇಕು. ಮೂರು ತಾಲ್ಲೂಕುಗಳ ಎಲ್ಲ ಸಂಘಗಳೂ ಸೇರಿ, ಪರದೇಶದಲ್ಲಿ ತೊಂದರೆಗೆ ಸಿಕ್ಕವರಿಗಾಗಿ ಒಂದು ಜಂಟಿ ಸಮಿತಿ ರಚಿಸಬೇಕು. ಅದರಲ್ಲಿ ಹೆಣ್ಣುಮಕ್ಕಳೂ ಯುವಕರೂ ಇರಬೇಕು.

ಚರ್ಚಿಸಿ, ತಿದ್ದಿ, ಅಂಗೀಕರಿಸಿ. ಸಮಿತಿಯ ಸದಸ್ಯರ ಹೆಸರುಗಳನ್ನು ಈ ಸಭೆ ಮುಗಿಯುವುದರೊಳಗೆ ಪ್ರಕಟಿಸಬೇಕೆಂದು ಕೋರುತ್ತೇನೆ.