ಭೌತವಿಜ್ಞಾನದ ಪಾಠ ಮತ್ತು ಮಾತಿನ ಅರ್ಥ

ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆಯಿಂದ ಭೌತವಿಜ್ಞಾನದ ಪದವಿಗೆ ಸೇರುವ ಮಕ್ಕಳಲ್ಲಿ ಅನೇಕರು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರು. ಬಲ, ಕೆಲಸ, ಶಕ್ತಿ ಎಂದು ಕಲಿತದ್ದನ್ನೇ ಅವರು ಮುಂದೆ ಫೋರ್ಸ್, ವರ್ಕ್, ಎನರ್ಜಿ ಎಂದು ಮತ್ತೊಮ್ಮೆ ಕಲಿಯಬೇಕಾಗುತ್ತದೆ. ಈ ಅವಸರದಲ್ಲಿ ಅರ್ಥ ಜಾರಿಹೋದರೂ, ಸೂತ್ರ ಕಂಠಪಾಠವಾಗಿದ್ದರೆ ಪರೀಕ್ಷೆಗೆ ಸಾಕು. ನಾನು ಕನ್ನಡದ ಅಧ್ಯಾಪಕನಾಗಿದ್ದವನು; ಭೌತವಿಜ್ಞಾನ ನನ್ನ ಕ್ಷೇತ್ರವಲ್ಲ. ಆದರೆ ಮಾತು ಮತ್ತು ಅರ್ಥಗಳ ಸಂಬಂಧವನ್ನು ಕುರಿತು ನಾಲ್ಕು ಮಾತು ಹೇಳಬಹುದೆಂದು ಭಾವಿಸಿದ್ದೇನೆ.

1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸಂಶೋಧನೆಗೆ ಹೆಸರಾದುದು. 2011ರಲ್ಲಿ ಅದು ನಾಲ್ಕು ವರ್ಷಗಳ ವಿಜ್ಞಾನ ಪದವಿಯನ್ನು ಆರಂಭಿಸಿತು. ಅಲ್ಲಿ ಮೊದಲಿಗೆ ಎಲ್ಲರೂ ಭೌತ, ರಸಾಯನ, ಜೀವವಿಜ್ಞಾನ, ಗಣಿತಗಳನ್ನು ಒಟ್ಟಿಗೆ ಓದುತ್ತಾರೆ. ಕೊನೆಯ ವರ್ಷ ಸಂಶೋಧನೆಯಲ್ಲಿ ತೊಡಗುತ್ತಾರೆ. ಹೊಸದನ್ನು ಹುಡುಕುವವರೇ ಹೊಸಬರಿಗೆ ಪಾಠ ಹೇಳುವುದು ಅಲ್ಲಿನ ವಿಶೇಷ. ಆ ಬಾಗಿಲು ಕೆಲವರಿಗಷ್ಟೇ ತೆರೆಯುತ್ತದೆ. ನಮ್ಮ ಮಕ್ಕಳಿಗೆ ಹತ್ತಿರದ ಆಸರೆ 1987ರಲ್ಲಿ ಸ್ಥಾಪಿತವಾದ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯ ಮತ್ತು ಅದಕ್ಕೆ ಸೇರಿದ ಕಾಲೇಜುಗಳು. ದುಬಾರಿ ಉಪಕರಣಗಳನ್ನು ಒಮ್ಮೆಗೇ ತರಲಾಗದಿದ್ದರೂ, ಅನುಭವಿ ಸಂಶೋಧಕರು ಮೊದಲ ವರ್ಷದ ತರಗತಿಗೆ ಬರುವ ಪದ್ಧತಿಯನ್ನು ಇಲ್ಲಿಯೂ ತರಬಹುದು.

ಬಂದವರು ಹೇಗೆ ಕಲಿಸಬೇಕು? ಹಾರ್ವರ್ಡ್ ವಿಶ್ವವಿದ್ಯಾನಿಲಯದ ಎರಿಕ್ ಮಜೂರ್ ಎಂಬ ಭೌತವಿಜ್ಞಾನಿ, ಕಠಿಣ ಲೆಕ್ಕಗಳನ್ನು ಬಿಡಿಸುವ ತಮ್ಮ ವಿದ್ಯಾರ್ಥಿಗಳು ಬಲದ ಬಗೆಗಿನ ಸರಳ ಪ್ರಶ್ನೆಗೆ ತಡವರಿಸುವುದನ್ನು ಕಂಡರು. 1990ರ ದಶಕದಿಂದ ಅವರು ಪಾಠದ ನಡುವೆ ಪ್ರಶ್ನೆಯೊಂದನ್ನಿಟ್ಟು, ವಿದ್ಯಾರ್ಥಿಗಳು ಪಕ್ಕದವರೊಡನೆ ವಾದಿಸಿ ಉತ್ತರ ಕಂಡುಕೊಳ್ಳುವ ಕ್ರಮವನ್ನು ರೂಢಿಸಿದರು. ನಮ್ಮ ಮಕ್ಕಳು ಪಕ್ಕದವರೊಡನೆ ವಾದಿಸುವುದು ಕನ್ನಡದಲ್ಲಿ. ಆ ವಾದಕ್ಕೆ ತರಗತಿಯಲ್ಲಿ ಮರ್ಯಾದೆಯ ಸ್ಥಾನ ದೊರೆಯಬೇಕು.

ಉದಾಹರಣೆ ನಮ್ಮ ಸೀಮೆಯಲ್ಲೇ ಇದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯ ನೀರನ್ನು ಎರಡು ಹಂತಗಳಲ್ಲಿ ಪಂಪುಗಳಿಂದ ಮೇಲೆತ್ತಿ, ಅಜ್ಜಂಪುರದ ಬಳಿಯ ಸುಮಾರು 7 ಕಿಲೋಮೀಟರ್ ಸುರಂಗದ ಮೂಲಕ ಬಯಲುಸೀಮೆಗೆ ಹರಿಸಬೇಕು. ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ, ನೀರನ್ನು ಒಂದೇ ಒಂದು ಮೀಟರ್ ಎತ್ತಲು ಕಡಿಮೆಯೆಂದರೂ ಸುಮಾರು 77 ಸಾವಿರ ಯೂನಿಟ್ ವಿದ್ಯುತ್ತು ಬೇಕು. ಸೂತ್ರ ಬಲ್ಲವನು ಈ ಲೆಕ್ಕವನ್ನು ಕ್ಷಣದಲ್ಲಿ ಮಾಡಿಯಾನು. ಆದರೆ ಖರ್ಚಾದ ಆ ಶಕ್ತಿ ಈಗ ಎಲ್ಲಿದೆ ಎಂದು ಕೇಳಿ ನೋಡಿ. ಎತ್ತರಕ್ಕೇರಿದ ನೀರಿನಲ್ಲಿ ಒಂದು ಪಾಲು ಉಳಿದಿದೆ, ಪಂಪು ಮತ್ತು ಕೊಳವೆಗಳ ಘರ್ಷಣೆಯಲ್ಲಿ ಮಿಕ್ಕದ್ದು ಶಾಖವಾಗಿದೆ ಎಂದು ತನ್ನ ಮಾತಿನಲ್ಲಿ ಹೇಳಬಲ್ಲ ಹುಡುಗಿಗೆ ಶಕ್ತಿಯೆಂದರೇನೆಂದು ತಿಳಿದಿದೆ. ಅವಳಿಗೆ ಇಂಗ್ಲಿಷಿನ ಪರಿಭಾಷೆ ನಿಧಾನವಾಗಿ ಬಂದೀತು.

ಕನ್ನಡ ಬೇರೆ, ಭೌತವಿಜ್ಞಾನ ಬೇರೆ ಎನ್ನುವವರು ಬೆಳ್ಳಾವೆ ವೆಂಕಟನಾರಣಪ್ಪನವರನ್ನು ನೆನೆಯಬೇಕು. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಬೋಧಿಸುತ್ತಿದ್ದ ಅವರು 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ‘ವಿಜ್ಞಾನ’ ಎಂಬ ಕನ್ನಡ ಪತ್ರಿಕೆಯನ್ನು ಆರಂಭಿಸಿದರು. ಪಂಪಭಾರತದ ಸಂಪಾದನೆಯಲ್ಲೂ ದುಡಿದರು.

ಆದುದರಿಂದ ವಿಶ್ವವಿದ್ಯಾನಿಲಯಗಳಲ್ಲಿ ನನ್ನ ಕೋರಿಕೆ ಚಿಕ್ಕದು. ಮೊದಲ ವರ್ಷದ ಪ್ರತಿ ಭೌತವಿಜ್ಞಾನ ಪ್ರಶ್ನೆಪತ್ರಿಕೆಯಲ್ಲಿ, ಸೂತ್ರ ಬರೆಯದೆ, ಕಂಡ ಸಂಗತಿಯೊಂದರ ಕಾರಣವನ್ನು ವಾಕ್ಯಗಳಲ್ಲಿ ವಿವರಿಸುವ ಒಂದು ಪ್ರಶ್ನೆಯಿರಲಿ. ಅದನ್ನು ಕನ್ನಡದಲ್ಲಿ ಬರೆದವರಿಗೂ ಪೂರ್ಣ ಅಂಕ ದೊರೆಯಲಿ. ಪರೀಕ್ಷೆ ಕೇಳಿದ್ದನ್ನೇ ತರಗತಿ ಕಲಿಸುತ್ತದೆ. ಪರೀಕ್ಷೆ ಅರ್ಥವನ್ನು ಕೇಳತೊಡಗಿದರೆ ಪಾಠವೂ ಅರ್ಥದ ಕಡೆಗೆ ತಿರುಗೀತು.