ಮನೆಯಂಗಳದಲ್ಲಿ ಗಣಕ ದೂರದರ್ಶಕ

ಕರಾವಳಿಯ ಬೇಸಾಯಗಾರರಿಗೆ ನಕ್ಷತ್ರಗಳ ಹೆಸರು ಹೊಸತಲ್ಲ. ರೋಹಿಣಿ, ಆರ್ದ್ರೆ, ಮಘೆ, ಚಿತ್ತೆ, ಸ್ವಾತಿ ಎಂದು ಮಳೆಗಳನ್ನು ಎಣಿಸಿಯೇ ಗದ್ದೆಗಿಳಿದ ನಾಡಿದು. ಆದರೆ ಆರ್ದ್ರೆಯ ಮಳೆಯೆಂದರೆ ಸೂರ್ಯನು ಆ ನಕ್ಷತ್ರದ ಬಳಿಯಿರುವ ಕಾಲದ ಮಳೆ. ಆಗ ಆರ್ದ್ರೆಯು ಸೂರ್ಯನ ಜೊತೆಗೇ ಮೂಡಿ ಜೊತೆಗೇ ಮುಳುಗುವುದರಿಂದ ಕಣ್ಣಿಗೆ ಬೀಳದು. ಹೀಗಾಗಿ ಹೆಸರನ್ನು ಬಲ್ಲವರು ಬಹುಮಂದಿ, ನಕ್ಷತ್ರವನ್ನು ಬಲ್ಲವರು ಕೆಲವೇ ಮಂದಿ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಯ ಮನೆಯೊಂದಕ್ಕೆ ಗಣಕವುಳ್ಳ ದೂರದರ್ಶಕ ಬಂತೆಂದರೆ ಮೊದಲು ಎದುರಾಗುವ ತೊಡಕು ಇದೇ.

ಈ ದೂರದರ್ಶಕದ ಕನ್ನಡಿ, ಮಸೂರಗಳು ಹಿಂದಿನಂತೆಯೇ ಇವೆ. ಹೊಸತಾದುದು ಅದರ ಪೀಠ. ಅದರೊಳಗೆ ಎರಡು ಮೋಟಾರುಗಳುಂಟು. ಒಂದು ನಳಿಗೆಯನ್ನು ಅಡ್ಡಕ್ಕೆ ತಿರುಗಿಸುತ್ತದೆ, ಇನ್ನೊಂದು ಏರಿಸಿ ಇಳಿಸುತ್ತದೆ. ಗುಂಡಿಗಳಿರುವ ಕೈಪೆಟ್ಟಿಗೆಯಲ್ಲೋ ಮೊಬೈಲಿನಲ್ಲೋ ‘ಶನಿ’ ಎಂದು ಆರಿಸಿದರೆ ನಳಿಗೆ ತಾನಾಗಿ ಶನಿಯತ್ತ ಹೊರಳುತ್ತದೆ. ಹಾಗಿದ್ದರೆ ಆಕಾಶವನ್ನು ಕಲಿಯುವ ಶ್ರಮ ತಪ್ಪಿತಲ್ಲ ಎಂದು ನೀವು ಕೇಳಬಹುದು. ತಪ್ಪಲಿಲ್ಲ.

ಗಣಕಕ್ಕೆ ಲೆಕ್ಕ ಗೊತ್ತು. ತಾನು ನಿಂತ ನೆಲ ಗೊತ್ತಿಲ್ಲ. ಸ್ಥಳ, ದಿನ, ಹೊತ್ತು ಇವನ್ನು ನೀವು ಹೇಳಬೇಕು. ಕುಂದಾಪುರವಾದರೆ ಉತ್ತರ ಅಕ್ಷಾಂಶ 13.6, ಪೂರ್ವ ರೇಖಾಂಶ 74.7 ಡಿಗ್ರಿ. ಹಲವು ಯಂತ್ರಗಳು ಅಮೆರಿಕದ ಪದ್ಧತಿಯಂತೆ ತಿಂಗಳನ್ನು ಮೊದಲು ಕೇಳುತ್ತವೆ. ಏಪ್ರಿಲ್ 5ನ್ನು ನಮ್ಮ ರೂಢಿಯಂತೆ 5-4 ಎಂದು ಒತ್ತಿದರೆ ಅದು ಮೇ 4 ಎಂದು ತಿಳಿಯುತ್ತದೆ. ಬಳಿಕ ಎರಡು ನಕ್ಷತ್ರಗಳನ್ನು ನೀವೇ ತೋರಿಸಿಕೊಡಬೇಕು. ಕ್ಯಾಮರಾದ ನೆರವಿನಿಂದ ತಾವೇ ಗುರುತಿಸಿಕೊಳ್ಳುವ ಯಂತ್ರಗಳೂ ಇವೆ. ಸಾಮಾನ್ಯ ಯಂತ್ರಗಳಿಗೆ ಆ ಶಕ್ತಿಯಿಲ್ಲ. ಏಪ್ರಿಲ್ ನಡುವೆ ರಾತ್ರಿ ಒಂಬತ್ತಕ್ಕೆ ಪೂರ್ವದಲ್ಲಿ ಸ್ವಾತಿ, ನೈಋತ್ಯದಲ್ಲಿ ಲುಬ್ಧಕ ಒಳ್ಳೆಯ ಜೋಡಿ. ಯಂತ್ರವು ಸ್ವಾತಿಯನ್ನು ಆರ್ಕ್ಟುರಸ್ ಎಂದೂ ಲುಬ್ಧಕವನ್ನು ಸಿರಿಯಸ್ ಎಂದೂ ಕರೆಯುತ್ತದೆ. ಚಿತ್ತೆ ಅದಕ್ಕೆ ಸ್ಪೈಕಾ, ಮಘೆ ರೆಗ್ಯುಲಸ್, ರೋಹಿಣಿ ಆಲ್ಡೆಬರಾನ್. ಒಂದಕ್ಕೆ ಬದಲು ಇನ್ನೊಂದನ್ನು ತೋರಿಸಿದಿರೋ, ಶನಿಯೆಂದು ಹೇಳಿ ನೆರೆಮನೆಯ ತೆಂಗಿನ ಗರಿಯನ್ನು ತೋರಿಸೀತು.

ಗಣಕದ ನಿಜವಾದ ಉಪಕಾರ ಬೇರೊಂದುಂಟು. ಭೂಮಿಯು ಗಂಟೆಗೆ 15 ಡಿಗ್ರಿ ತಿರುಗುವುದರಿಂದ, ನೂರು ಪಾಲು ಹಿಗ್ಗಿಸಿ ನೋಡುವಾಗ ಗ್ರಹವು ಸುಮಾರು ಎರಡು ನಿಮಿಷಗಳಲ್ಲಿ ನೋಟದಿಂದ ಜಾರಿಹೋಗುತ್ತದೆ. ಅಜ್ಜಿ ಕನ್ನಡಕ ಒರೆಸಿಕೊಂಡು ಬಂದು ಕಣ್ಣಿಡುವಷ್ಟರಲ್ಲಿ ಶನಿಯಿಲ್ಲ! ಮೋಟಾರು ಅದನ್ನು ಹಿಂಬಾಲಿಸುತ್ತಿದ್ದರೆ ಮನೆಯವರೂ ನೆರೆಯ ಮಕ್ಕಳೂ ಸಾಲಾಗಿ ನಿಂತು ನಿಧಾನವಾಗಿ ನೋಡಬಹುದು.

ನಮ್ಮ ಅಕ್ಷಾಂಶಕ್ಕೆ ದೊರೆತ ಒಂದು ಭಾಗ್ಯವನ್ನೂ ಹೇಳಬೇಕು. ಏಪ್ರಿಲ್ ಕೊನೆಗೆ ರಾತ್ರಿ ಹನ್ನೊಂದೂವರೆಯ ಹೊತ್ತಿಗೆ, ದಕ್ಷಿಣ ದಿಗಂತದಿಂದ 29 ಡಿಗ್ರಿ ಎತ್ತರದಲ್ಲಿ ಒಮೇಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ನಿಂತಿರುತ್ತದೆ. ಬರಿಗಣ್ಣಿಗೆ ಮಸುಕಾದ ಚುಕ್ಕೆ. ಎಂಟು ಅಂಗುಲದ ದೂರದರ್ಶಕದಲ್ಲಿ ಚೆಲ್ಲಿದ ರವೆಯ ರಾಶಿ. ಅದರ ದೂರ ಸುಮಾರು 17,000 ಜ್ಯೋತಿರ್ವರ್ಷ. ಲಂಡನ್ನಿನವರಿಗೆ ಇದು ಎಂದೂ ಉದಯಿಸದು. ಹೆದ್ದಾರಿಯ ದೀಪ ತಾಗದ, ದಕ್ಷಿಣಕ್ಕೆ ತೆರೆದ ಗದ್ದೆಬಯಲು ಅಥವಾ ಕಡಲ ದಂಡೆ ಸಾಕು.

ಇನ್ನು ಯಂತ್ರವನ್ನು ಉಳಿಸಿಕೊಳ್ಳುವ ಮಾತು. ಜೂನಿನಿಂದ ಸೆಪ್ಟೆಂಬರಿನವರೆಗೆ ಆಕಾಶ ನಮ್ಮದಲ್ಲ, ಮಳೆಯದು. ಪೆಟ್ಟಿಗೆಯಲ್ಲಿಟ್ಟು ಮರೆತ ದೂರದರ್ಶಕದ ಗಾಜಿನ ಮೇಲೆ ಬೂಷ್ಟು ಬೆಳೆದು ಲೇಪವನ್ನೇ ತಿನ್ನಬಹುದು. ಕಡಲಿನ ಉಪ್ಪುಗಾಳಿ ತಂತಿಯ ತುದಿಗಳನ್ನು ಕೆಡಿಸುತ್ತದೆ. ಬ್ಯಾಟರಿಯನ್ನು ತೆಗೆದಿಡಿರಿ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್‌ನೊಡನೆ ಇರಿಸಿ, ಆ ಹರಳುಗಳನ್ನು ಆಗಾಗ ಬದಲಿಸಿರಿ. ಇಬ್ಬನಿ ಬಿದ್ದ ಗಾಜನ್ನು ಬೈರಾಸಿನಿಂದ ಉಜ್ಜಬೇಡಿರಿ. ತಾನಾಗಿ ಒಣಗಿದ ಮೇಲೆ ಮುಚ್ಚಳ ಹಾಕಿರಿ. ಎಲ್ಲಕ್ಕಿಂತ ಮುಖ್ಯವಾಗಿ, ನಳಿಗೆಯ ಮುಂಭಾಗಕ್ಕೆ ತಕ್ಕ ಸೌರಶೋಧಕವಿಲ್ಲದೆ ಸೂರ್ಯನತ್ತ ಎಂದೂ ತಿರುಗಿಸಬಾರದು; ಕ್ಷಣಮಾತ್ರದಲ್ಲಿ ಕಣ್ಣು ಹೋದೀತು.

ಕೊಳ್ಳುವ ಆಸೆಯಿದ್ದವರು ಮೊದಲು ಒಮ್ಮೆ ಕಣ್ಣಿಟ್ಟು ನೋಡುವುದು ಲೇಸು. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಹವ್ಯಾಸಿ ಖಗೋಳವೀಕ್ಷಕರ ಸಂಘವುಂಟು. ಅಂಥವರ ಒಡನಾಟದಲ್ಲಿ ಕಲಿಯುವುದು ಸುಲಭ. ಬರುವ ಬೇಸಗೆಯೊಳಗೆ ಮಳೆಯ ಹೆಸರಿನ ನಾಲ್ಕು ನಕ್ಷತ್ರಗಳನ್ನಾದರೂ ಅಂಗಳದಲ್ಲಿ ನಿಂತು ಗುರುತಿಸಲು ಕಲಿಯಿರಿ. ಯಂತ್ರಕ್ಕೆ ನೀವು ಎರಡನ್ನು ತೋರಿಸಬಲ್ಲಿರಾದರೆ, ಉಳಿದ ಸಾವಿರವನ್ನು ಅದು ನಿಮಗೆ ತೋರಿಸೀತು.